ಸೂಜಿ ಇಲ್ಲದ ಸಾಲು

ಮೂರನೆಯ ಸಾಲು ಮುಗಿಸಿ ನಾಲ್ಕನೆಯದಕ್ಕೆ ತಿರುಗುವಾಗ ಪೆನ್ನಿನ ಮುಚ್ಚಳ ಕೈಜಾರಿ ಹೊಲಿಗೆ ಮಿಷನ್ನುಗಳ ಕೆಳಗೆಲ್ಲೋ ಉರುಳಿಹೋಯಿತು. ಬಗ್ಗಿ ಹುಡುಕಲು ಪುರುಸೊತ್ತಿರಲಿಲ್ಲ. ಒಬ್ಬೊಬ್ಬ ಹೆಂಗಸಿನ ಎದುರೂ ನಿಲ್ಲಬೇಕು, ಕುತ್ತಿಗೆಯಲ್ಲಿ ನೇತಾಡುವ ಗುರುತಿನ ಚೀಟಿಯ ಫೋಟೋ ನೋಡಬೇಕು, ಮುಖ ನೋಡಬೇಕು, ಹೆಸರಿಲ್ಲದೆ ನಂಬರಷ್ಟೇ ಇರುವ ನನ್ನ ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನ ಸ್ಟೂಲಿಗೆ ಹೋಗಬೇಕು. ಇನ್ನೂ ಒಂದು ಸಾಲು ಬಾಕಿಯಿತ್ತು.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೆಂಗಸರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರೆ ಅಂಥ ಒಬ್ಬೊಬ್ಬಳ ಸಂಬಳಕ್ಕೂ ಇಷ್ಟೆಂದು ಮಾಲೀಕನಿಗೆ ಸರ್ಕಾರ ತೆರಿಗೆ ಬಿಡುತ್ತದೆ. ಬಿಟ್ಟ ತೆರಿಗೆಯೂ ಖರ್ಚಾದ ಸರ್ಕಾರಿ ದುಡ್ಡೇ. ಆ ಹೆಂಗಸರು ನಿಜವಾಗಿ ಇದ್ದಾರೆಯೇ, ದುಡಿಯುತ್ತಿದ್ದಾರೆಯೇ, ಸಂಬಳ ಅವರ ಕೈಗೇ ಸೇರುತ್ತಿದೆಯೇ ಎಂದು ನೋಡಿಬರಲು ನಮ್ಮ ತಪಾಸಣಾ ಕಚೇರಿಯಿಂದ ನನ್ನಂಥವರನ್ನು ಕಳಿಸುತ್ತಾರೆ. ಹೋದ ಕಡೆ ಹನಿ ನೀರನ್ನೂ ಕುಡಿಯುವಂತಿಲ್ಲ. ನನ್ನ ಫ್ಲಾಸ್ಕಿನಲ್ಲಿ ನನ್ನ ಚಹಾ ಇರುತ್ತದೆ.

ನಾಲ್ಕನೆಯ ಸಾಲಿನ ಸದ್ದು ಬೇರೆಯಾಗಿತ್ತು. ಮೊದಲಿನ ಮೂರು ಸಾಲುಗಳಲ್ಲಿ ಮಿಷನ್ನುಗಳು ಓಡಿ, ನಿಂತು, ಮತ್ತೆ ಓಡುತ್ತಿದ್ದವು. ಇಲ್ಲಿ ಮಾತ್ರ ನಿಲ್ಲದೆ ಒಂದೇ ಸಮನೆ ಗುರ್ರೆನ್ನುತ್ತಿದ್ದವು. ಸ್ಟೂಲುಗಳ ಮೇಲೆ ಮೆತ್ತೆಗಳೂ ಇರಲಿಲ್ಲ. ಮೊದಲಿನ ಸಾಲುಗಳ ಹೆಂಗಸರು ಚೂರು ಬಟ್ಟೆ ತುಂಬಿ ತಮ್ಮ ತಮ್ಮ ಅಳತೆಗೆ ಮೆತ್ತೆ ಹೊಲಿದುಕೊಂಡಿದ್ದರು. ದಿನವಿಡೀ ಬರೀ ಕಬ್ಬಿಣದ ಮೇಲೆ ಕೂರಲು ಯಾರಿಂದಾಗುತ್ತದೆ?

ಸಾಲಿನ ಮೊದಲ ಹೆಂಗಸಿಗೆ, “ಒಂದು ಗೇಣು ಹೊಲಿದು ತೋರಿಸಿ” ಎಂದೆ.

ಅವಳು ನನ್ನನ್ನು ಬಿಟ್ಟು ಹಿಂದೆ ನಿಂತಿದ್ದ ಸೂಪರ್‌ವೈಸರ್‌ನನ್ನು ನೋಡಿದಳು. ಪೆಡಲ್ ಒತ್ತಿದಳು. ಬಟ್ಟೆ ಸರಸರನೆ ಮುಂದೆ ಹೋಯಿತು, ಒಂದು ಹೊಲಿಗೆಯೂ ಬೀಳಲಿಲ್ಲ. ನಾನು ಬಗ್ಗಿ ನೋಡಿದೆ. ಮಿಷನ್ನಿಗೆ ಸೂಜಿಯೇ ಇರಲಿಲ್ಲ. ಪಕ್ಕದ್ದಕ್ಕೂ ಇರಲಿಲ್ಲ, ಅದರಾಚೆಯದಕ್ಕೂ.

“ಅಯ್ಯೋ, ಈಗ ತಾನೇ ಮುರೀತು ಮೇಡಂ” ಎಂದ ಸೂಪರ್‌ವೈಸರ್.

“ಇಡೀ ಸಾಲಿನದ್ದಾ?”

“ಎಲ್ಲಾ ಒಂದೇ ಡಬ್ಬಿ ಸೂಜಿ ಮೇಡಂ. ಡಬ್ಬೀನೇ ಸರಿ ಇರ್ಲಿಲ್ಲ.”

ಮೂರನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಆ ಕಡೆ ಕೆಕ್ಕರಿಸಿ ನೋಡಿದ. ಕೆಲಸವಿಲ್ಲದೆ ಮೂಲೆಗಿಡುವ ಮಿಷನ್ನಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಾಕಿ ಸೂಜಿ ಬಿಚ್ಚಿಡುತ್ತಾರೆ. ತಪಾಸಣೆಯ ಸುಳಿವು ಸಿಕ್ಕಿ ಗಡಿಬಿಡಿಯಲ್ಲಿ ಎಳೆತಂದು ಸಾಲಾಗಿ ಜೋಡಿಸಿದ್ದಾರೆ, ಸೂಜಿ ಹಾಕಲು ಮರೆತಿದ್ದಾರೆ. ನನಗೆ ನಗು ಬಂತು. ತಡೆದುಕೊಂಡು ಎರಡನೆಯ ಸ್ಟೂಲಿನ ಹೆಂಗಸಿಗೆ ಗುರುತು ಹಾಕಿ ಮೂರನೆಯದಕ್ಕೆ ಸರಿದೆ. ಚೀಟಿಯ ಫೋಟೋ ನೋಡಿದೆ. ತಲೆಯೆತ್ತಿ ಮುಖ ನೋಡಿದೆ.

ನನ್ನ ನಾದಿನಿ.

ಗಂಡನ ಮನೆ ಬಿಟ್ಟು ಬಂದು ನಮ್ಮ ಜೊತೆಗಿರುವವಳು. ಬೆಳಿಗ್ಗೆ ಅವಳಿಗೂ ನನಗೂ ಒಂದೇ ಪಾತ್ರೆಯಿಂದ ಡಬ್ಬಿ ಕಟ್ಟಿದ್ದೆ. ಅವಳ ಕೆಲಸ ಸೇತುವೆಯಾಚೆಯ ಗಾರ್ಮೆಂಟ್ಸಿನಲ್ಲಿ. ಇದು ಬೇರೆ ಬೀದಿ, ಬೇರೆ ಹೆಸರಿನ ಕಾರ್ಖಾನೆ.

ಅವಳ ಕಾಲು ಪೆಡಲಿನ ಮೇಲೆ ಬಿತ್ತು. ಮಿಷನ್ನು ಒಮ್ಮೆ ಗುರ್ರೆಂದು ನಿಂತಿತು. ಅವಳು ಅತ್ತಿಗೆ ಎನ್ನಲಿಲ್ಲ. ಫೋಟೋ, ಮುಖ ಎರಡೂ ತಾಳೆಯಾಗುತ್ತಿದ್ದವಲ್ಲ, ನನ್ನ ಕೈ ಅಭ್ಯಾಸಬಲದಿಂದ ಗುರುತು ಹಾಕಿಬಿಟ್ಟಿತು. ಆ ಸಾಲು ಹೇಗೆ ಮುಗಿಸಿದೆನೋ ತಿಳಿಯದು. ಕೊನೆಗೆ ಸೂಪರ್‌ವೈಸರ್ “ಬಿಸಿಬಿಸಿ ಚಹಾ ತರಿಸ್ಲಾ ಮೇಡಂ?” ಎಂದಾಗ ಫ್ಲಾಸ್ಕ್ ಎತ್ತಿ ತೋರಿಸಿದೆ.

ಕಚೇರಿಗೆ ಬಂದರೆ ಕುರ್ಚಿ ಚುಚ್ಚುತ್ತಿದೆ ಅನ್ನಿಸಿತು. ಎದ್ದೆ, ಕಿಟಕಿಯವರೆಗೆ ಹೋದೆ, ಮತ್ತೆ ಕೂತೆ. ಕಿವಿಯಲ್ಲಿ ಆ ಗುರ್ ಇನ್ನೂ ನಿಂತಿರಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿಯನ್ನು ನಾವೆಲ್ಲ ಬೆನ್ನ ಹಿಂದೆ ‘ಆಯ್ತುಬಿಡಿ’ ಎಂದೇ ಕರೆಯುವುದು. ಯಾವ ಫೈಲು ಬಂದರೂ ಅವರ ಬಾಯಲ್ಲಿ ಬರುವ ಮಾತು ಅದೊಂದೇ.

“ಏನ್ರೀ, ಬಂದಾಗಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀರಿ?”

ಸೂಜಿಯ ವಿಷಯ ಹೇಳಿದೆ. ನಾದಿನಿಯ ವಿಷಯ ಹೇಳಲಿಲ್ಲ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಷ್ಟೇನಾ? ಇವತ್ತು ಇಲ್ಲ, ನಾಳೆ ಹಾಕಿಸ್ತಾರೆ. ಆಯ್ತು ಬಿಡಿ! ಅಲ್ಲಿ ನಿಜವಾಗ್ಲೂ ಹೊಲಿಯೋ ಹೆಂಗಸರೂ ಇದ್ದಾರಲ್ಲ? ನೀವು ಖಾರವಾಗಿ ಬರೆದ್ರೆ ಮಾಲೀಕ ಬಾಗಿಲು ಹಾಕ್ಕೊಂಡು ಹೋಗ್ತಾನೆ. ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗಲ್ವಾ?”

ಈ ಮಾತನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಮ್ಮಲ್ಲೊಂದು ನಿಯಮವಿದೆ. ತಪಾಸಣೆಗೆ ಹೋದ ಕಡೆ ಸ್ವಂತದವರು ಕೆಲಸಕ್ಕಿದ್ದರೆ ಅದನ್ನು ಒಂದು ಹಾಳೆಯಲ್ಲಿ ಬರೆದು, ದೊಡ್ಡ ಸಾಹೇಬರಿಗೆ ಕೊಟ್ಟು, ಫೈಲು ಬಿಟ್ಟುಬಿಡಬೇಕು. ಬಿಟ್ಟ ಫೈಲು ಪಕ್ಕದ ಮೇಜಿಗೆ ಹೋಗುತ್ತದೆ. ಅಂದರೆ ನಾನು ಪ್ರಾಮಾಣಿಕಳಾಗಿ ನಡೆದುಕೊಂಡರೆ ಇದು ಆಯ್ತುಬಿಡಿಯವರ ಕೈಗೆ. ಅವರು ಒಂದು ವಾರ ಬಿಟ್ಟು, ಮೊದಲೇ ಫೋನ್ ಮಾಡಿ, ಹೋಗಿಬರುತ್ತಾರೆ. ಆ ವೇಳೆಗೆ ಸೂಜಿ ಬಂದಿರುತ್ತದೆ, ಮೆತ್ತೆಗಳೂ ಬಂದಿರುತ್ತವೆ. ನಾದಿನಿಯ ವಿಷಯ ಮುಚ್ಚಿಟ್ಟು ನಾನೇ ವರದಿ ಬರೆದರೆ? ನಾಳೆ ಯಾರಾದರೂ ಸಂಬಂಧ ಹುಡುಕಿ ತೆಗೆಯುತ್ತಾರೆ. ಮನೆಯ ಜಗಳ ತೀರಿಸಿಕೊಳ್ಳಲು ಬರೆದಳು ಎನ್ನುತ್ತಾರೆ. ವರದಿ ಕಸದ ಬುಟ್ಟಿಗೆ, ಜೊತೆಗೆ ನನ್ನ ಹೆಸರೂ.

ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂರಲಾಗದೆ ನಿಂತೇ ಬಂದೆ.

ನಾದಿನಿ ನನಗಿಂತ ಮೊದಲೇ ಬಂದು ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಕುತ್ತಿಗೆಯ ಚೀಟಿ ಮೊಳೆಯ ಮೇಲೆ ತನ್ನ ಜಾಗದಲ್ಲಿತ್ತು. ಹೊರಗೆ ನನ್ನವರು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವರು. ಇಂಜಿನ್ನಿನ ಸದ್ದಿಗೆ ಅಭ್ಯಾಸವಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ.

“ನಮ್ಮನೇಲಿ ಹೆಂಗಸರಿಬ್ಬರಿಗೂ ತಿಂಗಳಾದ್ರೆ ಸಂಬಳ, ಸ್ವಾಮಿ! ನಾನೇ ಬಡವ. ನನ್ನ ತಂಗಿ ಇದ್ದಾಳಲ್ಲ, ಗಂಡನ ಮನೆಯೋರು ಮೂಲೆಗೆ ಹಾಕಿದ್ರು. ಈಗ ನೋಡಿ, ಕರೆಂಟ್ ಮಿಷನ್ ಓಡಿಸ್ತಾಳೆ!”

ನಾದಿನಿಯ ಕೈಯಲ್ಲಿ ಬೀನ್ಸು ತುಂಡಾಯಿತು. ಅವಳು ಎದ್ದು ಒಲೆಯ ಪಕ್ಕದಿಂದ ಏನನ್ನೋ ತಂದು ನನ್ನ ಮುಂದಿಟ್ಟಳು. ನನ್ನ ಪೆನ್ನಿನ ಮುಚ್ಚಳ.

“ನನ್ನ ಕಾಲ ಹತ್ರಾನೇ ಬಂದು ನಿಂತಿತ್ತು ಅತ್ತಿಗೆ. ಎತ್ತಿಕೊಂಡೆ. ಮುಚ್ಚಳ ಇಲ್ದೆ ನಿಮ್ಮ ಚೀಲ ಎಲ್ಲಾ ಇಂಕ್ ಆಗಿರುತ್ತೆ.”

ಆಗಿತ್ತು. ನಾನು ಗಮನಿಸಿಯೇ ಇರಲಿಲ್ಲ.

“ಎಷ್ಟು ದಿನದಿಂದ?” ಎಂದೆ, ತಗ್ಗಿದ ದನಿಯಲ್ಲಿ.

ಅವಳು ಒಂದೊಂದೇ ಹೇಳಿದಳು. ಮೊದಮೊದಲು ನಿಜವಾಗಿಯೂ ಹೊಲಿಯುತ್ತಿದ್ದಳು. ಚಳಿಗಾಲದಲ್ಲಿ ಆರ್ಡರ್ ಕಡಿಮೆಯಾಗಿ ಸೇತುವೆಯಾಚೆಯ ಕಾರ್ಖಾನೆ ಮುಚ್ಚಿತು. ನೀವು ಮನೆಗೆ ಹೋಗಿ, ನಿಮ್ಮ ಹೆಸರು ಮಾತ್ರ ಮಾಲೀಕರ ಇನ್ನೊಂದು ಕಾರ್ಖಾನೆಗೆ ಹಾಕಿಕೊಂಡಿರುತ್ತೇವೆ ಎಂದರು. ತಿಂಗಳಿಗೊಮ್ಮೆ ಸಂಬಳ ಬ್ಯಾಂಕಿಗೆ ಬರುತ್ತದೆ, ಸೂಪರ್‌ವೈಸರ್ ತೆಗೆಸಿಕೊಂಡು ಬಸ್ಸಿನ ಖರ್ಚಿಗೆ ಎಂಬಷ್ಟು ಇವರ ಕೈಗಿಡುತ್ತಾನೆ. ತಪಾಸಣೆ ಇದ್ದ ದಿನ ಫೋನ್ ಬರುತ್ತದೆ.

“ಪೆಡಲ್ ಒತ್ತುತ್ತಾ ಇರಿ, ತಲೆ ಎತ್ತಬೇಡಿ ಅಂದಿದ್ದ. ನಿಮ್ಮ ಚಪ್ಪಲಿ ನೋಡಿ ಗೊತ್ತಾಯ್ತು. ನಾನೇ ಅಲ್ವಾ ಹೋದ ವಾರ ಬಾರು ಹೊಲಿದುಕೊಟ್ಟಿದ್ದು?”

“ಮತ್ತೆ ದಿನಾ ಡಬ್ಬಿ ತಗೊಂಡು ಎಲ್ಲಿಗೆ ಹೋಗ್ತೀಯ?”

ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಮಾತು ಈಗ ಪೆಟ್ರೋಲ್ ಬೆಲೆಗೆ ಹೊರಳಿತ್ತು.

“ಸೇತುವೆಯಾಚೆ ಒಬ್ಬರು ಟೀಚರಮ್ಮ ಇದ್ದಾರೆ, ರಿಟೈರ್ ಆದೋರು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಸ್ನಾನ ಮಾಡಿಸ್ತೀನಿ, ಬಟ್ಟೆ ಬದಲಾಯಿಸ್ತೀನಿ, ಪೇಪರ್ ಓದ್ತೀನಿ. ನಾನು ತಪ್ಪು ಓದಿದ್ರೆ ಬೈತಾರೆ.” ಅವಳ ಮುಖದಲ್ಲಿ ಒಂದು ಗಳಿಗೆ ನಗು ಹಾದುಹೋಯಿತು. “ಅವರ ಮಗಳು ಕೊಡೋದೇ ನಾನು ಮನೆಗೆ ತರ್ತಿರೋದು. ಅಣ್ಣಂಗೆ ಹೇಗೆ ಹೇಳ್ಲಿ? ಕಂಡೋರ ಮೈ ತೊಳೆಯೋಕೆ ನನ್ನ ತಂಗೀನ ಕಳಿಸ್ತೀನಾ ಅಂತ ಬಂದ ಹೊಸದ್ರಲ್ಲೇ ಹಾರಾಡಿದ್ರು. ನೀವೂ ಇದ್ರಿ.”

ಇದ್ದೆ. ಆಗ ನನಗೂ ಅವರ ಮಾತೇ ಸರಿಯೆನ್ನಿಸಿತ್ತು.

ಚಹಾಕ್ಕೆ ನೀರಿಟ್ಟೆ, ಒಲೆ ಹಚ್ಚಲು ಮರೆತು ಸುಮ್ಮನೆ ಪಾತ್ರೆ ನೋಡುತ್ತ ನಿಂತೆ. ಅವಳೇ ಬಂದು ಹಚ್ಚಿದಳು.

“ಯಾರಾದ್ರೂ ಒಂದು ಸಲ ಕಂಡುಹಿಡಿದ್ರೆ ಸಾಕಪ್ಪ ಅನ್ಸಿತ್ತು” ಎಂದಳು ಬೆಂಕಿಯನ್ನೇ ನೋಡುತ್ತ. “ಅವನು ಫೋನ್ ಮಾಡಿದಾಗಲೆಲ್ಲ ಟೀಚರಮ್ಮನ್ನ ಅರ್ಧ ಸ್ನಾನದಲ್ಲಿ ಬಿಟ್ಟು ಓಡಬೇಕು. ಅದು ನೀವೇ ಆಗಬೇಕಿತ್ತಾ?” ಸ್ವಲ್ಪ ತಡೆದು, “ನನ್ನ ಹೆಸರೊಂದು ಬಿಟ್ಟು ಬರೆಯೋಕಾಗಲ್ವಾ, ಅತ್ತಿಗೆ?” ಎಂದಳು.

“ನಿನ್ನದು ಬಿಟ್ರೆ ನಿನ್ನ ಪಕ್ಕದಲ್ಲಿ ಕೂತೋರದ್ದು ಬರೀಬೇಕಾಗುತ್ತೆ.”

“ಹೌದಲ್ಲ” ಎಂದಳು. ಮತ್ತೆ ಬೀನ್ಸಿನ ಮುಂದೆ ಕೂತಳು. ಕೇಳಿದ್ದನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು, ನನ್ನ ಎದೆಯಾದರೂ ಹಗುರಾಗುತ್ತಿತ್ತು.

ಊಟಕ್ಕೆ ಕೂತಾಗ ನನ್ನವರು ತಂಗಿಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. “ತಿನ್ನೇ. ದಿನವಿಡೀ ಮಿಷನ್ ತುಳಿದು ಕಾಲು ಕಡ್ಡಿಯಾಗಿದೆ.” ಆಮೇಲೆ ನನ್ನ ಕಡೆ ತಿರುಗಿದರು. “ನೀನ್ಯಾಕೆ ತಟ್ಟೇಲಿ ಕೋಳಿ ಕೆದಕಿದ ಹಾಗೆ ಕೆದಕ್ತಿದ್ದೀಯ? ಇವತ್ತು ಯಾರ ತಲೆ ತೆಗೆದು ಬಂದೆ?”

“ಇನ್ನೂ ತೆಗೆದಿಲ್ಲ” ಎಂದೆ. ಅವರು ಜೋರಾಗಿ ನಕ್ಕರು. ನಾದಿನಿ ಅನ್ನ ಕಲಸುತ್ತಲೇ ಇದ್ದಳು.

ಅವರ ನಗು ಕೆಟ್ಟದ್ದಲ್ಲ. ಅದನ್ನು ಕಿತ್ತುಕೊಳ್ಳಬೇಕಲ್ಲ ಎಂದೇ ನನ್ನ ಸಂಕಟ. ತಂಗಿ ಮಿಷನ್ ಓಡಿಸುತ್ತಾಳೆ ಎಂಬ ಮಾತಿನಿಂದಲೇ ಅವಳಿಗೆ ಈ ಮನೆಯಲ್ಲಿ ಎತ್ತಿದ ತಲೆ, ಇನ್ನೊಂದು ಸೌಟು ಅನ್ನ. ಅದು ಹೋದ ದಿನ ಅಣ್ಣ ಏನೆನ್ನುತ್ತಾರೋ, ಇವಳು ಎಲ್ಲಿಗೆ ಹೋಗುತ್ತಾಳೋ. ಅತ್ತ ಮೂರು ಸಾಲುಗಳ ಮೆತ್ತೆಗಳು ಕಣ್ಣ ಮುಂದೆ ಬರುತ್ತಿದ್ದವು. ಇಲ್ಲದ ಹೆಂಗಸರ ಲೆಕ್ಕದಲ್ಲಿ ತೆರಿಗೆ ಉಳಿಸಿಕೊಳ್ಳುವವನು ಇರುವ ಹೆಂಗಸರನ್ನು ಎಷ್ಟು ದಿನ ಇಟ್ಟುಕೊಂಡಾನು? ಸೇತುವೆಯಾಚೆ ಆದದ್ದು ಇಲ್ಲಿ ಆಗದು ಎಂದು ಯಾರು ಬರೆದುಕೊಟ್ಟಿದ್ದಾರೆ? ರಾತ್ರಿ ಮಗ್ಗುಲು ಬದಲಿಸಿದಷ್ಟೂ ದಿಂಬು ಬಿಸಿಯಾಗುತ್ತಿತ್ತು.

ಬೆಳಿಗ್ಗೆ ಎರಡು ಡಬ್ಬಿ ಕಟ್ಟಿದೆ. ನಾದಿನಿ ತಲೆ ಬಾಚಿಕೊಂಡು ಬಂದು, ಮೊಳೆಯ ಮೇಲಿನ ಚೀಟಿ ತೆಗೆದು ಎಂದಿನಂತೆ ಕುತ್ತಿಗೆಗೆ ಹಾಕಿಕೊಂಡಳು. ಟೀಚರಮ್ಮನ ಮನೆಗೆ ಅದರ ಅಗತ್ಯವಿಲ್ಲ. ಅಣ್ಣನ ಕಣ್ಣಿಗಾಗಿ ಹಾಕಿಕೊಂಡು, ಬೀದಿ ತಿರುಗಿದ ಮೇಲೆ ತೆಗೆದು ಚೀಲಕ್ಕೆ ಹಾಕುತ್ತಾಳೆ ಎಂದು ಈಗ ನನಗೆ ತಿಳಿಯಿತು.

“ಜೋಪಾನ ಕಣೇ, ಸೂಜಿ ಬೆರಳಿಗೆ ಚುಚ್ಚೀತು!” ಎಂದು ನನ್ನವರು ದಿನವೂ ಹೇಳುವ ಮಾತನ್ನೇ ಹೇಳಿದರು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆವೋ ನಕ್ಕುಬಿಡುತ್ತಿದ್ದೆವೋ.

ಅವಳು ಗೇಟು ದಾಟಿ ಹೋಗುವುದನ್ನು ಕಿಟಕಿಯಿಂದ ನೋಡುತ್ತ ನಿಂತೆ. ಚೀಟಿ ಎದೆಯ ಮೇಲೆ ಆಚೀಚೆ ಹೊಡೆದಾಡುತ್ತಿತ್ತು. ಅವಳು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಡೆಯುತ್ತಿದ್ದಳು.

ಆಗ ಆ ಹಾಳೆ ನೆನಪಾಯಿತು. ಸ್ವಂತದವರ ವಿಷಯ ಬರೆದುಕೊಡುವ ಹಾಳೆ. ‘ಸಂಬಂಧ’ ಎಂಬಲ್ಲಿ ಒಂದು ಪದ ಬರೆದು, ಸಹಿ ಹಾಕಿ, ಫೈಲು ದಾಟಿಸಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಅದರ ಕೆಳಗೆ ‘ವಿವರ’ ಎಂದು ಖಾಲಿ ಜಾಗವಿದೆ. ಇಷ್ಟು ವರ್ಷಗಳಲ್ಲಿ ಅದನ್ನು ತುಂಬಿದವರನ್ನು ನಾನು ಕಂಡಿಲ್ಲ. ಆದರೆ ಅಲ್ಲಿ ಏನು ಬರೆದರೂ ಅದು ಮೊದಲು ದೊಡ್ಡ ಸಾಹೇಬರ ಕಣ್ಣಿಗೆ ಬೀಳುತ್ತದೆ. ಫೈಲು ಆಮೇಲೆ ಯಾವ ಮೇಜಿಗೆ ಹೋದರೂ ಆ ಮಾತಿಗೆ ಬರಹದಲ್ಲಿ ಉತ್ತರ ಕೊಡದೆ ಅದನ್ನು ಮುಚ್ಚುವಂತಿಲ್ಲ. ಆಯ್ತು ಬಿಡಿ ಎಂದು ಬರೆಯಲಾದೀತೇ?

ಅಲ್ಲಿ ನನ್ನ ನಾದಿನಿ ಇದ್ದಾಳೆ. ಅಲ್ಲಿ ಅವಳು ದುಡಿಯುತ್ತಿಲ್ಲ. ಅದು ನನಗೆ ಹೇಗೆ ಗೊತ್ತಾಯಿತೆಂದರೆ...

“ಕಿಟಕೀಲಿ ಏನು ಸಿನಿಮಾ ನಡೀತಿದೆಯೇನೇ?” ಹಿಂದಿನಿಂದ ನನ್ನವರ ದನಿ. “ಬಸ್ ತಪ್ಪಿಸ್ಕೊಳ್ತೀಯ.”

“ಏನಿಲ್ಲ, ಹೊರಟೆ.”

ಚೀಲದೊಳಗಿನ ಇಂಕನ್ನು ಹಳೆಯ ಬಟ್ಟೆಯಿಂದ ಒರೆಸಿ, ಪೆನ್ನಿಗೆ ಮುಚ್ಚಳ ಹಾಕಿ ಒಳಗಿಟ್ಟೆ. ‘ವಿವರ’ದ ಖಾಲಿ ಜಾಗ ಸಣ್ಣದು, ಬರೆಯಬೇಕಾದದ್ದೆಲ್ಲ ಅಷ್ಟರಲ್ಲಿ ಹಿಡಿಸಲಿಕ್ಕಿಲ್ಲ. ಹಾಳೆಗೆ ಇನ್ನೊಂದು ಮಗ್ಗುಲಿತ್ತು.