ಪಾಲಕ ಹತ್ತು

ಒಂಬತ್ತನೆಯ ಸೂಡಿನ ಬೇರು ಕೊಯ್ದು ಬುಟ್ಟಿಗೆ ಹಾಕಿ ಹತ್ತನೆಯದಕ್ಕೆ ಕೈ ಚಾಚಿದೆ. ಮೇಜಿನ ಮೇಲಿನ ಗುಡ್ಡ ಮಾತ್ರ ಇದ್ದ ಹಾಗೆಯೇ ಇತ್ತು. ಏಪ್ರಿಲ್ ತಿಂಗಳ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನಾಗಪುರದ ಸದರ್‌ನ ಚರ್ಚಿನ ಹಿಂದಿನ ದೊಡ್ಡ ಕೋಣೆಯಲ್ಲಿ ಕೂತು ನಾನು ಹತ್ತು ಕಿಲೋ ಪಾಲಕ್ ಸೋಸುತ್ತಿದ್ದೆ. ಇಷ್ಟೊಂದು ಯಾಕೆ ಎಂದು ಕೇಳಿರಲಿಲ್ಲ. ಮರುದಿನ ಹೊಸ ಪಾಸ್ಟರರ ಸ್ವಾಗತದ ಊಟವಿತ್ತು. ಬರುವವರಿಗೆ ಸೊಪ್ಪು ಬಹಳ ಸೇರುತ್ತದೆ ಎಂದುಕೊಂಡಿದ್ದೆ.

ಆ ಕೋಣೆಯಲ್ಲಿಯೇ ನಾನು ಅಕ್ಷರ ಕಲಿತದ್ದು, ಐವತ್ತೆಂಟು ತುಂಬಿದ ಮೇಲೆ, ಮೃಣಾಲಿನಿ ಟೀಚರ್ ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ. ಅವರು ಮೂವತ್ತಾರು ವರ್ಷ ಮಿಶನ್ ಶಾಲೆಯಲ್ಲಿ ಪಾಠ ಹೇಳಿದವರು. ಅದೇ ಶಾಲೆಯಲ್ಲಿ ನಾನು ಆಯಾ ಆಗಿದ್ದೆ. ನಿವೃತ್ತಿಯಾದ ಮೇಲೆ ಅವರಿಗೆ ತಿದ್ದಲು ಮಕ್ಕಳು ಸಿಗಲಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ತಿದ್ದತೊಡಗಿದರು. ಮದುವೆಯ ಆಮಂತ್ರಣ ಬಂದರೆ ಕೆಂಪು ಶಾಯಿಯಲ್ಲಿ ತಿದ್ದಿ ಹುಡುಗಿಯ ಮನೆಗೆ ವಾಪಸು ಕಳಿಸುತ್ತಿದ್ದರು. ಕನ್ನಡ ಆರಾಧನೆಯಲ್ಲಿ ಹಿಂದಿನ ಪಾಸ್ಟರು ಪ್ರಸಂಗ ಮಾಡುವಾಗ ಮೊದಲ ಸಾಲಿನಲ್ಲಿ ಕೂತು ತಪ್ಪಿಗೊಂದು ಬೆರಳು ಮಡಚುತ್ತಿದ್ದರು. ಎರಡೂ ಕೈ ಮುಷ್ಟಿಯಾದದ್ದು ಕಂಡರೆ ಪಾಸ್ಟರು ಅಲ್ಲಿಗೇ ಆಮೆನ್ ಹೇಳಿಬಿಡುತ್ತಿದ್ದರು. ಆದರೆ ಸಭೆಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿಯ ಡಬ್ಬಿ ಹಿಡಿದು ಮೊದಲು ಹೋಗುವವರೂ ಅವರೇ. ಹೋದವರು ಡಾಕ್ಟರರ ಚೀಟಿಯನ್ನೂ ತಿದ್ದಿ ಬರುತ್ತಿದ್ದರು, ಅದು ಬೇರೆ ಮಾತು.

ರಾತ್ರಿ ಶಾಲೆಯ ಕೊನೆಯ ಪರೀಕ್ಷೆಯೆಂದರೆ ಸ್ವಂತ ಕೈಯಲ್ಲಿ ಒಂದು ಕಾಗದ ಬರೆದು ಟಪಾಲಿಗೆ ಹಾಕುವುದು. ನಾನು ಗದಗಿನಲ್ಲಿರುವ ಅಕ್ಕನಿಗೆ ನಾಲ್ಕು ಸಾಲು ಬರೆದೆ. ಟೀಚರ್ ತಿದ್ದಿದರು. ಮತ್ತೆ ಬರೆದೆ, ಮತ್ತೆ ತಿದ್ದಿದರು. ಹೀಗೆ ಹನ್ನೊಂದು ವರ್ಷವಾಯಿತು. ಜೊತೆಯವರೆಲ್ಲ ಪಾಸಾಗಿ ಹೋದರು. ನನ್ನನ್ನು ತಡೆದದ್ದು ಒಂದೇ ಶಬ್ದ. ‘ಅಕ್ಕಾ, ನಾನು ಚಲೋ ಇದ್ದೇನೆ’ ಎಂದು ಬರೆಯುತ್ತಿದ್ದೆ.

“ಈ ಊರಾಗ ಚಲೋ ಅಂದ್ರ ನಡಿ ಅಂತ ಅರ್ಥ, ನೀಲವ್ವ. ಕ್ಷೇಮ ಅಂತ ಬರಿ,” ಎನ್ನುತ್ತಿದ್ದರು ಟೀಚರ್.

ಕ್ಷೇಮ ಎಂಬುದು ನನ್ನ ಕೈಯಲ್ಲಿ ಒಂದು ಸಲ ಶೇಮವಾಗುತ್ತಿತ್ತು, ಇನ್ನೊಂದು ಸಲ ಕ್ಷಾಮವಾಗುತ್ತಿತ್ತು. “ತಪ್ಪಿರೋ ಕಾಗದ ಈ ಖೋಲಿ ಬಾಗಲಾ ದಾಟಂಗಿಲ್ಲ” ಎಂದು ಟೀಚರ್ ವಾಪಸು ಕೊಡುತ್ತಿದ್ದರು.

ಅತ್ತ ಅಕ್ಕ ಬಿಡುವವಳಲ್ಲ. ನಾನು ಶಾಲೆ ಸೇರಿದ್ದು ಕೇಳಿ ನಕ್ಕು, ನನ್ನ ಕೈಬರಹ ಮನೆ ಮುಟ್ಟಿದ ದಿನ ಅವ್ವನ ಹಿತ್ತಾಳೆ ಕುಟ್ಟಾಣಿ ನನಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಈಗ ಅವಳಿಗೆ ಎಂಬತ್ತೊಂದು. ಹಿಂದಿನ ವಾರ ಫೋನಿನಲ್ಲಿ ಹೇಳಿದಳು: “ಲಗೂ ಬರಿ ನಮ್ಮವ್ವ. ಇಲ್ಲಾಂದ್ರ ಹೋಗೂವಾಗ ಕುಟ್ಟಾಣಿ ನನ್ನ ಸಂಗಟನ ಒಯ್ತೀನಿ. ಅಲ್ಲೂ ಎಲಿ-ಅಡಿಕಿ ಸಿಗತಾವಂತ.” ಕುಟ್ಟಾಣಿಗಿಂತ ಹೆಚ್ಚಾಗಿ, ಅಕ್ಕನ ಬಾಯಿ ಒಂದು ದಿನವಾದರೂ ಮುಚ್ಚಬೇಕು ಎಂಬುದು ನನ್ನ ಆಸೆಯಾಗಿತ್ತು. ಅವಳಿರುವಾಗಲೇ ಅದಾಗಬೇಕು.

ಹತ್ತನೆಯ ಸೂಡು ಮುಗಿಯುವಷ್ಟರಲ್ಲಿ ಟೀಚರ್ ಬಾಗಿಲಲ್ಲಿ ನಿಂತರು. ಗಂಜಿ ಹಾಕಿದ ಬಿಳಿ ಸೀರೆ, ಕೈಯಲ್ಲಿ ಹೂವಿನ ಗುಚ್ಛ.

“ಹೇಮಲತಾ, ಪಾಲಕ ಎಲ್ಲಿ?”

ಹೇಮಲತಾ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಕಾರ್ಯದರ್ಶಿ. ನಾಗಪುರದಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡವನ್ನು ಸರಾಗವಾಗಿ ಮಾತಾಡುತ್ತಾಳೆ, ಓದುವಾಗ ಮಾತ್ರ ಅಕ್ಷರಕ್ಕೊಂದು ನಿಮಿಷ. ಹೆಮ್ಮೆಯಿಂದ ಮೇಜನ್ನು ತೋರಿಸಿದಳು.

“ಇಲ್ಲೇ ಐತಲ್ರೀ ಟೀಚರ್. ನೀಲವ್ವಾಯಿ ಸೋಸಾಕತ್ತಾರ.”

“ಯಾರನ್ನ?”

“ಪಾಲಕ್. ಬರೋಬರ್ ಹತ್ತು ಕಿಲೋ. ಸ್ಟೇಶನ್ ಹತ್ರದ ಮಾರ್ಕೆಟ್ಟಿನಾಗ ಏಕದಂ ತಾಜಾ ಸಿಕ್ತು. ನೀವು ಚೀಟ್ಯಾಗ ಬರದ್ಹಂಗ ಒದ್ದಿ ಅರಬಿ ಹೊಚ್ಚಿ ತಂದೀನಿ. ಒಂದೆಲಿ ಸುದ್ದಾ ಬಾಡಿಲ್ಲ.”

ಟೀಚರ್ ಹೂವಿನ ಗುಚ್ಛವನ್ನು ಸೊಪ್ಪಿನ ಮೇಲೆ ಇಟ್ಟು ಬೆಂಚಿನ ಮೇಲೆ ಕೂತರು. “ಚೀಟಿ ತಾ,” ಎಂದರು.

ಹೇಮಲತಾ ಪರ್ಸಿನಿಂದ ತೆಗೆದಳು. ಟೀಚರ್ ಹೊಸ ಹಾಳೆ ಹಾಳು ಮಾಡುವವರಲ್ಲ. ಹಳೆಯ ಉತ್ತರಪತ್ರಿಕೆಯ ಅಂಚು ಹರಿದು, ಎರಡು ಬೆರಳಗಲದ ಜಾಗದಲ್ಲಿ ಬರೆದಿದ್ದರು: ‘ಶನಿವಾರ. ಪಾಲಕ ೧೦. ಸ್ಟೇಶನ್ ಕಡೆಯಿಂದ ತರುವುದು. ಒದ್ದೆ ಬಟ್ಟೆ ಹೊದಿಸುವುದು. ಬಿಸಿಲಿಗೆ ಬಾಡಬಾರದು.’

“ಪಾಲಕ ಅಂದ್ರ ಪಾಸ್ಟರು, ಹೇಮಲತಾ,” ಎಂದರು ಟೀಚರ್. “ಹತ್ತು ಅಂದ್ರ ಹತ್ತು ಗಂಟೆ. ರೈಲು ಇವತ್ತ ಐತಿ ಅಂತ ನನಗ ಫೋನ್ ಬಂದಿತ್ತು.”

“ಮತ್ತ ಒದ್ದಿ ಅರಬಿ?”

“ಧಾರವಾಡದ ತಂಪಿನಾಗಿಂದ ಬರಾವ್ರು. ತಲೀಗೆ ಕಟ್ಟಿಕೊಳ್ಳಾಕ.”

ಇಡೀ ಸಭೆಯಲ್ಲಿ ಪಾಸ್ಟರನ್ನು ಪಾಲಕ ಎನ್ನುವವರು ಟೀಚರ್ ಒಬ್ಬರೇ. ಹೇಮಲತಾ ಮೆಲ್ಲಗೆ ಹೇಳಿದಳು: “ನಮ್ಮ ಮರಾಠಿ ಶಾಳೆದಾಗ ಪಾಲಕ ಅಂದ್ರ ಆಯಿ-ಬಾಬಾ. ಅವರನ್ನ ಹತ್ತು ಕಿಲೋ ತರಾಕ ಬರೂದಿಲ್ಲಂತ ವಿಚಾರ ಮಾಡಿ, ತಪ್ಪಲ ಪಲ್ಯ ತಂದೆ.”

ಹಾಗಾದರೆ ಪಾಸ್ಟರು ಎಲ್ಲಿ ಎಂದು ನಾನು ಕೇಳುವಷ್ಟರಲ್ಲಿ ಹೊರಗೆ ಆಟೋ ನಿಂತಿತು. ತೆಳ್ಳನೆಯ ಒಬ್ಬರು ಟ್ರಂಕು ಹಿಡಿದು ಒಳಗೆ ಬಂದರು. ತಲೆಯ ಮೇಲೆ ತಮ್ಮದೇ ಒದ್ದೆ ಟವೆಲ್ಲು.

“ನಮಸ್ಕಾರ್ರೀ. ನಾ ವಿಜಯೇಂದ್ರ, ಹೊಸ ಪಾಸ್ಟರ್. ಒಂದು ತಾಸು ಸ್ಟೇಶನ್ ಮುಂದ ನಿಂತಿದ್ದೆ. ಅಲ್ಲೊಬ್ರು ಹೆಣ್ಣುಮಗಳು ಸ್ಕೂಟರ್ ಮ್ಯಾಲ ಪಲ್ಯದ ಮೂಟಿ ಇಟ್ಟು, ಅದಕ್ಕ ಒದ್ದಿ ಬಟ್ಟಿ ಹೊಚ್ಚಿಕೊಂಡು ಹೊಂಟಿದ್ರು. ಪಲ್ಯಕ್ಕ ಇಷ್ಟು ಮರ್ಯಾದಿ ಐತಿ ಅಂದ್ಮ್ಯಾಲ ಮನಷ್ಯಾರಿಗೂ ಇರತೈತಿ ಅಂತ ಧೈರ್ಯ ಮಾಡಿ ಆಟೋ ಹತ್ತಿದೆ.”

ಹೇಮಲತಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಆಗ ಟೀಚರ್ ನಡೆದದ್ದನ್ನೆಲ್ಲ ಪಾಸ್ಟರಿಗೆ ತಾವೇ ಹೇಳಿದರು, ಒಂದನ್ನೂ ಬಿಡದೆ. ಆಮೇಲೆ ಕೆಂಪು ಪೆನ್ನು ತೆಗೆದು ತಮ್ಮ ಚೀಟಿಯನ್ನು ತಾವೇ ತಿದ್ದಿದರು. ಪಾಲಕದ ಮುಂದೆ ಒಂದು ‘ರು’, ಹತ್ತರ ಮುಂದೆ ಒಂದು ‘ಗಂಟೆ’.

“ಹತ್ತಕ್ಕ ಎಷ್ಟು ಕೊಡೂಣು?” ಎಂದು ಕೇಳಿದರು.

“ಎಂಟು ಕೊಡ್ರಿ. ಅಕ್ಷರ ದುಂಡಗ ಅದಾವು,” ಎಂದರು ಪಾಸ್ಟರು.

ಟೀಚರ್ ಮೂರು ಹಾಕಿ, ಕೆಳಗೆ ಸಹಿ ಮಾಡಿದರು. ಪೆನ್ನು ಹಿಡಿದೇ ನನ್ನ ಕಡೆ ತಿರುಗಿದರು.

“ನೀಲವ್ವ, ನಿನ್ನ ಕಾಗದ ಎಲ್ಲೈತಿ?”

ಅದು ಯಾವಾಗಲೂ ನನ್ನ ಚೀಲದಲ್ಲಿಯೇ ಇರುತ್ತದೆ. ಹಿಂದಿನ ಸಲ ಬೇಸತ್ತು ಮತ್ತೆ ಚಲೋ ಎಂದೇ ಬರೆದಿದ್ದೆ. ಹಸಿರು ಕೈ ಸೆರಗಿಗೆ ಒರೆಸಿಕೊಂಡು ಕೊಟ್ಟೆ. ಓದುತ್ತ ಬಂದ ಕೆಂಪು ಪೆನ್ನು ಆ ಶಬ್ದದ ಮೇಲೆ ನಿಂತಿತು.

“ನಿಮ್ಮಕ್ಕಗ ಇದು ತಿಳೀತೈತೇನು?”

“ಆಕಿಗೆ ಇದೊಂದ ತಿಳೀತೈತಿ ಟೀಚರ್. ಕ್ಷೇಮ ಅಂತ ಬರದ್ರ ನನಗ ಏನೋ ರೋಗ ಆಗೈತಿ ಅಂತ ಅಳಾಕ ಕೂಡ್ತಾಳ.”

“ತಿಳದ್ರ ಸಾಕು. ನಾ ಅಷ್ಟು ಶುದ್ಧ ಬರದಿದ್ದು ಹತ್ತು ಕಿಲೋ ಆಗಿ ಬಂತು,” ಎಂದು ಟೀಚರ್ ಪೆನ್ನಿನ ಟೋಪಿ ಹಾಕಿದರು. ಮತ್ತೆ ತೆಗೆದರು. ಕೊನೆಯ ಸಾಲಿಗೆ ಒಂದು ಪೂರ್ಣವಿರಾಮ ಇಟ್ಟು ಮತ್ತೆ ಹಾಕಿದರು.

ಲಕೋಟೆಯ ಮೇಲೆ ಹೇಮಲತಾ ಇಂಗ್ಲಿಷಿನಲ್ಲಿ ವಿಳಾಸ ಬರೆದಳು. ಕನ್ನಡ ಬರೆಯಲು ಆ ದಿನ ಯಾರಿಗೂ ಧೈರ್ಯವಿರಲಿಲ್ಲ. ಮೊದಲ ಸಲ ಬರೆದಾಗಲೇ ಕೊಂಡಿಟ್ಟಿದ್ದ ಸ್ಟಾಂಪಿನ ಅಂಟು ಹನ್ನೊಂದು ವರ್ಷದಲ್ಲಿ ಒಣಗಿಹೋಗಿತ್ತು. ನನ್ನ ಬುತ್ತಿಯ ಅನ್ನದ ಎರಡು ಅಗಳು ಹಿಸುಕಿ ಹಚ್ಚಿದೆ.

ರಸ್ತೆಯ ಮೂಲೆಯ ಟಪಾಲು ಡಬ್ಬಿಯವರೆಗೆ ನಾಲ್ವರೂ ನಡೆದೆವು. ಪಾಸ್ಟರು ತಮ್ಮ ಒದ್ದೆ ಟವೆಲ್ಲನ್ನು ನನ್ನ ತಲೆಗೆ ಹೊದಿಸಿದ್ದರು. ಕಾಗದವನ್ನು ಡಬ್ಬಿಯ ಬಾಯಿಯಲ್ಲಿಟ್ಟು, ಕೈ ಒಳಗೆ ಹೋಗುವಷ್ಟು ತಳ್ಳಿ ಬಿಟ್ಟೆ. ಅದು ತಳಕ್ಕೆ ಬಿದ್ದ ಸದ್ದು ಕೇಳಿ ಹಿಂದೆ ತಿರುಗಿದರೆ, ಟೀಚರ್ ಕನ್ನಡಕ ಏರಿಸಿ ಡಬ್ಬಿಯ ಮೇಲೆ ಬರೆದಿದ್ದ ಟಪಾಲು ತೆಗೆಯುವ ವೇಳೆಯನ್ನು ಓದುತ್ತ, ಚೀಲದಲ್ಲಿ ಪೆನ್ನು ಹುಡುಕುತ್ತಿದ್ದರು.