ಕಳ್ಳನೆದೆ

"ಕೈ ತೆಗಿ!"

ಹೆಣದ ತುಟಿಯವರೆಗೂ ಬಂದಿದ್ದ ಚಿಕ್ಕಮುನಿಯಪ್ಪನ ಮಣಿಕಟ್ಟನ್ನು ಕನಕಮ್ಮ ಗಪ್ಪನೆ ಹಿಡಿದುಬಿಟ್ಟಳು. ಅವನ ಬೆರಳ ಸಂದಿಯಿಂದ ಅಕ್ಕಿಕಾಳು ಉದುರಿ ಕೋದಂಡಪ್ಪನ ಗಲ್ಲದ ಮೇಲೆ, ಕತ್ತಿನ ಹೂವಿನ ಮೇಲೆ ಚೆಲ್ಲಿದವು. ಸತ್ತವನ ಬಾಯಿಗೆ ನೆಂಟರಿಷ್ಟರು ಒಬ್ಬೊಬ್ಬರಾಗಿ ಅಕ್ಕಿ ಹಾಕುವ ಹೊತ್ತು ಅದು. ಊರಿಗಾಮಿನ ಚಿನ್ನದ ಗಣಿಯ ಕೂಲಿ ಲೈನಿನ ಆ ಮನೆಯ ಮುಂದೆ ಅಳುತ್ತಿದ್ದವರೆಲ್ಲ ಗಕ್ಕನೆ ಸುಮ್ಮನಾದರು. ಅಳುವವರಿಗೂ ಜಗಳವೆಂದರೆ ಕಿವಿ ನೆಟ್ಟಗಾಗುತ್ತದೆ.

"ಏನಮ್ಮಾ ಇದು? ನಾನು ಅವನಿಗೆ ಸ್ವಂತ ಬಾವ ಆಗ್ಬೇಕು" ಅಂದ ಚಿಕ್ಕಮುನಿಯಪ್ಪ.

ಬಾವ ಹೌದು. ಅವನ ಹೆಂಡತಿ ಸೊಣ್ಣಮ್ಮ ಸತ್ತವನ ಒಡಹುಟ್ಟಿದ ಅಕ್ಕ. ಗಣಿಯ ಗೇಟಿನಲ್ಲಿ ಜಮಾದಾರನಾಗಿದ್ದು, ಕೆಲಸ ಮುಗಿದ ಮೇಲೆ ಬಂಗಾರಪೇಟೆ ಕಡೆಯ ಹಳ್ಳಿ ಸೇರಿದ್ದ. ಗಂಡಹೆಂಡತಿ ಬೆಳಗಿನ ರೈಲಿಗೆ ಬಂದಿಳಿದಿದ್ದರು. ಎಷ್ಟೋ ವರ್ಷದಿಂದ ಈ ಹೊಸಿಲು ತುಳಿಯದವರು, ಹೆಣ ನೋಡಲು ಮಾತ್ರ ದಾರಿ ಮರೆತಿರಲಿಲ್ಲ.

"ಅಕ್ಕಿ ಆಮೇಲೆ ಆಕುವಂತೆ ಅಣ್ಣಾ. ಮೊದ್ಲು ಬಾಯಿ ಬಿಡು. ನಮ್ಮ ಯಜಮಾನ ಕಳ್ಳ ಅಲ್ಲ ಅಂತ ಈ ಜನದ ಮುಂದೆ ಒಂದು ಮಾತು ಯೇಳು. ಯೇಳದೆ ಓದ್ರೆ ಈ ಎಣ ಮುಟ್ಟೋಕೆ ನಾ ಬಿಡಾಕಿಲ್ಲ."

ಪಕ್ಕದ ಮನೆಯ ಮುದುಕಿ ಪೆದ್ದಮ್ಮ ಹಣೆ ಚಚ್ಚಿಕೊಂಡಳು. "ಎಣ ಮುಂದೆ ಮಡಿಕ್ಕೊಂಡು ಇದೇನೇ ತಾಯಿ ಪಂಚಾಯ್ತಿ!"

"ವೇಣಾಂ ಅಕ್ಕಾ, ಬ್ಯಾಡ, ಬಿಟ್ಬಿಡಿ. ಬಿಸಿಲು ಏರ್ತಾ ಐತೆ" ಅಂದ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಆರುಮುಗಂ. ಕೋದಂಡಪ್ಪನ ಜೊತೆ ಗಣಿಗೆ ಇಳಿಯುತ್ತಿದ್ದವನು ಅವನು.

"ನೀ ಸುಮ್ಕಿರು ಆರುಮುಗಂ. ಈ ಕೈ ಏನ್ ಮಾಡ್ತು ಅಂತ ನೀನೂ ಕಂಡಿದ್ದೀಯ."

ಆರುಮುಗಂ ತಲೆ ತಗ್ಗಿಸಿ ಹಗ್ಗ ಬಿಗಿಯತೊಡಗಿದ.

*

ಗಣಿ ಇನ್ನೂ ಬಿಳಿಯರ ಕೈಯಲ್ಲಿದ್ದ ಕಾಲ. ಪಾಳಿ ಮುಗಿಸಿ ಮೇಲೆ ಬಂದವರ ಜೇಬು, ತಲೆವಸ್ತ್ರ ತಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಚಿಕ್ಕಮುನಿಯಪ್ಪನಿಗೆ ಅಷ್ಟು ಸಾಲದು. ಅವನದೇ ಒಂದು ವಿದ್ಯೆ ಇತ್ತು. ಒಬ್ಬೊಬ್ಬನ ಎದೆಯ ಮೇಲೂ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುವನು. ಚಿನ್ನ ಬಚ್ಚಿಟ್ಟವನ ಎದೆ ಹೊಡೆದುಕೊಳ್ಳದೆ ಇರುವುದಿಲ್ಲವಂತೆ. ಹಾಗೆ ಒಂದೆರಡು ಸಲ ಕಳ್ಳರು ಸಿಕ್ಕಿಯೂ ಇದ್ದರು. ಇನ್ನು ಕೇಳಬೇಕೆ, ಜಮಾದಾರನಿಗೆ ಕೋಡು ಮೂಡಿತು.

ಕೋದಂಡಪ್ಪ ಸುರಂಗದಲ್ಲಿ ಮರದ ಆಸರೆ ಕಟ್ಟುವವನು. ಅವತ್ತು ಮೇಲೆ ಬಂದವನು ತನ್ನ ಸರದಿಗಾಗಿ ಕಾಯುತ್ತ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದ. ಎದ್ದು ಬಂದಾಗ ಬಾವ ಅಂಗೈ ಇಟ್ಟ, ತೆಗೆದ, ಮತ್ತೆ ಇಟ್ಟ.

"ಏನ್ಲಾ ಬಾಮೈದ, ಸುಮ್ನೆ ಕುಂತಿದ್ದೋನಿಗೆ ಎದೆ ಇಂಗ್ಯಾಕ್ಲಾ ಒಡ್ಕಂತದೆ?"

ಬಟ್ಟೆ ಬಿಚ್ಚಿಸಿದರು. ಕೂದಲು ಕೆದಕಿದರು, ಬಾಯಿ ಅಗಲಿಸಿ ನೋಡಿದರು, ಚಪ್ಪಲಿಯ ಅಟ್ಟೆ ಕಿತ್ತರು. ಚಿನ್ನದ ಧೂಳೂ ಸಿಗಲಿಲ್ಲ. ಮಾರನೆಯ ದಿನವೂ ಅದೇ ಪಾಡು, ಅದರ ಮಾರನೆಯ ದಿನವೂ ಅದೇ. ಏನೂ ಸಿಗದಿದ್ದರೆ ನಿರಪರಾಧಿ ಎನ್ನಬೇಕು ತಾನೆ? ಜನ ಹಾಗನ್ನಲಿಲ್ಲ, ಭಾರಿ ಪಳಗಿದ ಕೈ ಅಂದರು. ಅವನನ್ನು ಜೊತೆಗೆ ಕರೆದುಕೊಳ್ಳಲು ಯಾವ ಗುಂಪೂ ಒಪ್ಪಲಿಲ್ಲ. ಕೊನೆಗೆ ನೆಲದ ಮೇಲಿನ ಮರಮುಟ್ಟಿನ ಅಂಗಳದಲ್ಲಿ ಅರೆಕೂಲಿಗೆ ದಿಮ್ಮಿ ಹೊತ್ತ. ತಮ್ಮನ ಮನೆಗೆ ಹೋಗಕೂಡದೆಂದು ಸೊಣ್ಣಮ್ಮನಿಗೆ ಗಂಡ ಅಪ್ಪಣೆ ಮಾಡಿದ.

ಕನಕಮ್ಮನಿಗೆ ಮಾತ್ರ ನಿಜ ಗೊತ್ತಿತ್ತು. ರಾತ್ರಿಪಾಳಿ ಮಾಡಿ ಬಂದು ಹಗಲು ಗೊರಕೆ ಹೊಡೆಯುತ್ತಿದ್ದ ಗಂಡನ ಎದೆಗೆ ಅವಳು ಕಿವಿಯಿಟ್ಟು ಕೇಳಿದ್ದಳು. ಮನುಷ್ಯ ಕೊರಡಿನಂತೆ ಬಿದ್ದಿದ್ದಾನೆ, ಎದೆ ಮಾತ್ರ ಓಡುತ್ತಲೇ ಇದೆ. ನಿದ್ದೆಯಲ್ಲಿ ಯಾವ ಕಳ್ಳ ಹೆದರುತ್ತಾನೆ? ಬರಬರುತ್ತ ಅವನು ಬಿಂದಿಗೆಗಟ್ಟಲೆ ನೀರು ಕುಡಿದ, ಒಣಗಿದ. ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತಿದವು. ಕಾಲಿಗೆ ಮೊಳೆ ಚುಚ್ಚಿಕೊಂಡರೂ ಗೊತ್ತಾಗದಂತಾದ ಮೇಲೆ ಅವಳೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಅವನ ಉಚ್ಚೆಯನ್ನು ನೀಲಿ ನೀರಿಗೆ ಬೆರೆಸಿ ಕಾಯಿಸಿದಳು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನಾಡಿ ಹಿಡಿದು ನೋಡಿದಳು. ಮಂಚದ ಮೇಲೆ ಬಹಳ ಹೊತ್ತು ಮಲಗಿಸಿ ಮತ್ತೊಮ್ಮೆ ಹಿಡಿದಳು.

"ಸಕ್ಕರೆ ಕಾಯಿಲೆ ಹಳೆಯದಾದರೆ ಕೆಲವರಿಗೆ ಹೀಗಾಗುತ್ತೆ. ಎದೆಯ ಓಟಕ್ಕೆ ಕಡಿವಾಣ ಹಾಕೋ ನರ ಕೆಡುತ್ತೆ. ಸುಮ್ಮನೆ ಮಲಗಿದ್ದರೂ ಅದು ಜೋರಾಗಿ ಓಡುತ್ತೆ."

"ಕಳ್ತನ ಮಾಡಿದ್ರೆ ಇಂಗಾಯ್ತದೇನಮ್ಮಾ?" ಅಂದ ಕೋದಂಡಪ್ಪ.

"ಕಳ್ಳತನವೇ?" ಡಾಕ್ಟರಮ್ಮ ತಲೆಯೆತ್ತಿ ನೋಡಿದಳು. "ಕಳ್ಳತನಕ್ಕೂ ಇದಕ್ಕೂ ಏನಯ್ಯ ಸಂಬಂಧ?"

ಕಾಯಿಲೆ ಬಂತೆಂದು ಹಿಗ್ಗಿದ ಮನುಷ್ಯನನ್ನು ಕನಕಮ್ಮ ಕಂಡದ್ದು ಅದೇ ಮೊದಲು. ಅವನು ಮನೆಗೂ ಹೋಗದೆ ನೇರ ಬಾವನ ಬಾಗಿಲಿಗೆ ಓಡಿದ. ಏದುಸಿರು ಬಿಡುತ್ತ ಅವಳು ಹಿಂದೆ ಬಂದಳು.

"ಬಾವಾ, ಇದು ಸಕ್ರೆ ಕಾಯ್ಲೆ ಅಂತೆ! ನನ್ನ ಎದೆ ಮಲಗಿದ್ರೂ ಓಡ್ತದಂತೆ! ಬೇಕಾದ್ರೆ ಡಾಕ್ಟ್ರಮ್ಮನ್ನೇ ಕೇಳು ಬಾ."

ಜಗಲಿಯ ಮೇಲೆ ಕೂತು ಕಿವಿ ಕೆರೆಯುತ್ತಿದ್ದ ಚಿಕ್ಕಮುನಿಯಪ್ಪ ನಕ್ಕ. "ಕಳ್ರಿಗೆಲ್ಲ ಒಂದೊಂದು ಕಾಯ್ಲೆ ಇದ್ದೇ ಇರ್ತದೆ ಓಗ್ಲಾ."

ಬಾಗಿಲ ಹಿಂದೆ ನಿಂತಿದ್ದ ಸೊಣ್ಣಮ್ಮ ಎಲ್ಲವನ್ನೂ ಕೇಳಿಸಿಕೊಂಡಳು, ತುಟಿ ಬಿಚ್ಚಲಿಲ್ಲ. ಕನಕಮ್ಮನಿಗೆ ಗಂಡನ ಮೇಲಿನ ಕನಿಕರಕ್ಕಿಂತ ಆ ಮೌನದ ಮೇಲಿನ ಸಿಟ್ಟೇ ಹೆಚ್ಚಾಯಿತು. ಕೋದಂಡಪ್ಪ ಆ ಮಾತನ್ನು ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ. ಎಷ್ಟೋ ವರ್ಷ ಹಾಗೇ ಕಳೆದು, ನಿನ್ನೆ ಮಧ್ಯಾಹ್ನ ಮಂಚದ ಮೇಲೆ ಕೂತು ನೀರು ಕೇಳಿದ್ದ. ಎದೆನೋವು ಅಂತಲೂ ಅನ್ನಲಿಲ್ಲ. ಅವಳು ಚೊಂಬು ತರುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದ.

*

"ಯೇಳ್ತೀಯೋ ಇಲ್ವೋ?" ಕನಕಮ್ಮ ಕೈ ಬಿಟ್ಟಿರಲಿಲ್ಲ.

ಚಿಕ್ಕಮುನಿಯಪ್ಪ ಕೈ ಕೊಡವಿಕೊಂಡ. "ಸಿಕ್ತು ಅಂತ ನಾನ್ಯಾವತ್ತೂ ಅಂದಿಲ್ಲ. ನನ್ ಕೈಗೆ ಗೊತ್ತಾಗಿದ್ದು ಗೊತ್ತಾಯ್ತು. ಈಗ ಎಣದ ಮುಂದೆ ನಿಂತು ಸುಳ್ಳು ಯೇಳು ಅಂತೀಯಾ?"

ಮಾತು ಮರೆಸಲು ಪೆದ್ದಮ್ಮ ನಡುವೆ ಬಂದಳು. "ಬಾಯಿಗೊಂದು ಚೂರು ಚಿನ್ನ ಇಕ್ಕಿ ಕಳಿಸ್ಬೇಕಲ್ಲೇ ಕನಕಾ. ಗುಲಗಂಜಿಯಷ್ಟಾದ್ರೂ ಸಾಕು, ತತ್ತಾ."

ಮುದುಕಿ ಸಂಪ್ರದಾಯ ಹೇಳಿದಳು ಅಷ್ಟೆ. ಆದರೆ ನೆರೆದವರ ಕತ್ತುಗಳೆಲ್ಲ ಒಮ್ಮೆಗೇ ಉದ್ದವಾದವು. ಚಿಕ್ಕಮುನಿಯಪ್ಪನ ಕಣ್ಣು ಒಳಮನೆಯ ಕಡೆ ಹರಿಯಿತು. ಕನಕಮ್ಮ ಅದನ್ನು ನೋಡಿದಳು. ತಾಳಿಯ ಚಿನ್ನದ ಬೊಟ್ಟು ಎಂದೋ ಸೂಜಿಮದ್ದಿಗೆ ಹೋಗಿ, ಕೊರಳ ದಾರದಲ್ಲಿ ಇದ್ದದ್ದು ಅರಿಶಿನದ ಕೊಂಬು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ ನೋಡ್ತೀಯಣ್ಣಾ? ಓಗು, ನೀನೇ ಉಡುಕ್ಕೊಂಬಾ! ಅಷ್ಟು ದಿನ ಮೈ ಉಡುಕ್ದೆ, ಇವತ್ತು ಮನೆ ಉಡುಕು!"

ನಾಚಿಕೆಯಿದ್ದ ಗಂಡಸಾದರೆ ತಲೆ ತಗ್ಗಿಸುತ್ತಿದ್ದ. ಇವನು ಒಳಕ್ಕೆ ಹೋದ.

ಹೊರಗಿದ್ದವರಿಗೆ ಸದ್ದು ಕೇಳಿಸಿತು. ಪೆಟ್ಟಿಗೆಯ ಮುಚ್ಚಳ ಬಿತ್ತು, ಗಡಿಗೆಗಳು ಉರುಳಿದವು, ಬಿದಿರುತಟ್ಟಿಯ ಗೋಡೆಯನ್ನು ಕೆರೆಯುವ ಸದ್ದು ಬಂತು. ಆರುಮುಗಂ ಹಗ್ಗ ಬಿಟ್ಟು ಎದ್ದು ಥೂ ಎಂದು ಉಗಿದ.

ಬಹಳ ಹೊತ್ತಿನ ಮೇಲೆ ಚಿಕ್ಕಮುನಿಯಪ್ಪ ಹೊಸಿಲಿಗೆ ಬಂದ. ಮೊಣಕೈವರೆಗೂ ರಾಗಿಹಿಟ್ಟು ಮೆತ್ತಿತ್ತು. ಕೈಯಲ್ಲಿ ಏನೂ ಇರಲಿಲ್ಲ.

"ಎಲ್ಲಿಟ್ಟವ್ನೋ" ಎಂದು ಗೊಣಗಿದ.

ತಮ್ಮನ ಕಾಲ ಬಳಿ ಅಷ್ಟು ಹೊತ್ತೂ ಕಲ್ಲಿನಂತೆ ಕೂತಿದ್ದ ಸೊಣ್ಣಮ್ಮ ಆಗ ಎದ್ದಳು. ತಲೆಯ ಕಡೆಗೆ ಬಂದು ಮಂಡಿಯೂರಿ ಎರಡೂ ಕೈಯನ್ನು ಮೂಗಿಗೆ ಒಯ್ದಳು. ಮದುವೆಯಾದಂದಿನಿಂದ ಬಿಚ್ಚದ ಮೂಗುತಿ. ತಿರುಪು ಬಿಗಿದು ಕೂತಿತ್ತು.

"ಅಯ್ಯಯ್ಯೋ! ಗಂಡ ಕಣ್ಮುಂದೆ ನಿಂತವ್ನೆ, ಮೂಗು ಬರಿದು ಮಾಡ್ಕೋಬ್ಯಾಡ್ವೇ!" ಪೆದ್ದಮ್ಮ ಕೂಗಿಕೊಂಡಳು.

"ಏಯ್ ಸೊಣ್ಣಾ!" ಚಿಕ್ಕಮುನಿಯಪ್ಪ ಗದರಿದ.

ಅವಳು ಕತ್ತು ತಿರುಗಿಸಲಿಲ್ಲ. ಹಲ್ಲು ಕಚ್ಚಿ ತಿರುವಿದಳು. ಹೆಬ್ಬೆರಳಿನಿಂದ ತಮ್ಮನ ತುಟಿ ಬಿಡಿಸಿ ಮೂಗುತಿಯನ್ನು ನಾಲಿಗೆಯ ಮೇಲಿಟ್ಟು, ದವಡೆ ಮುಚ್ಚಿದಳು.

"ಅವತ್ತು ಬಾಯಿ ಬಿಡ್ಲಿಲ್ಲ ಕಣೋ ನಾನು" ಅಂದಳು ತಮ್ಮನಿಗೆ.

ಆಮೇಲೆ ಗಂಡನ ಮುಂದೆಯೇ ಹಾದು ಹೋಗಿ ಕನಕಮ್ಮನ ಮಗ್ಗುಲಿಗೆ ಬಂದಳು. ಮೂಗಿನಿಂದ ರಕ್ತ ತುಟಿಗೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಗಂಡ ಸತ್ತವಳಿಗೆ ಜಾಗ ಬಿಡುವ ಹಾಗೆ ಹೆಂಗಸರು ಒಬ್ಬೊಬ್ಬರಾಗಿ ಸರಿದು ಅವಳಿಗೆ ಜಾಗ ಬಿಟ್ಟರು. ಚಿಕ್ಕಮುನಿಯಪ್ಪ ಹಿಟ್ಟಿನ ಕೈ ಚಾಚಿಕೊಂಡು ಹೊಸಿಲ ಮೇಲೆ ನಿಂತೇ ಇದ್ದ.