ಉಳಿಯುವ ಜಾಗ

ಸೀದ ಹಾಲಿನ ವಾಸನೆ, ಅಲ್ಲ, ಕಾದ ಪ್ಲಾಸ್ಟಿಕ್ಕಿನದು, ಎಂದುಕೊಂಡಳು ಮೇಘಶ್ರೀ, ಆಸ್ಪತ್ರೆಯ ಕೂಸುಗಳ ವಾರ್ಡಿನ ಪಕ್ಕ ಹೊದಿಕೆಗಳ ಕಪಾಟಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಕೀಬೋರ್ಡು, ಎದುರಿಗೆ ಸರ್ವರ್ ಗುಂಯ್‌ಗುಡುತ್ತಿದೆ ಏನೂ ಆಗಿಲ್ಲವೆಂಬಂತೆ — ಬೆಳಗ್ಗೆ ಚನ್ನಗಿರಿಯಲ್ಲಿ ಪ್ರಿಂಟರ್ ಬಿಚ್ಚಿ ಹರಡಿಕೊಂಡಿದ್ದಾಗ ಬಂದ ಫೋನು ಇನ್ನೂ ಕಿವಿಯಲ್ಲೇ ಇದೆ, ಮೇಡಂ, ಜಗಳೂರು ಆಸ್ಪತ್ರೆಯಿಂದ ನಾನು, ಸಿಸ್ಟರ್ ಕೊಟ್ರಮ್ಮ, ಕೂಸಿನ ಉಸಿರು ಇಳಿದ್ರೂ ಅಲಾರಂ ಹೊಡೀಲೇ ಇಲ್ರೀ, ತುಟಿ ನೀಲಿ ಆಗಿದ್ದು ನಾನೇ ನೋಡ್ದೆ, ಆಕ್ಸಿಜನ್ ಹಿಡಿದೆ, ಈಗ ಪರವಾಗಿಲ್ಲ, ನಾನೇನಾದ್ರೂ ಅತ್ಲಾಗೆ ಹೋಗಿದ್ರೆ? ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬರುವ ಮೂರು ಗಂಟೆಯೂ ಆ ಹೋಗಿದ್ರೆ ಅವಳ ಪಕ್ಕದಲ್ಲೇ ಕೂತಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಊರಿನ ಆಸ್ಪತ್ರೆ ಕಂಪ್ಯೂಟರುಗಳಿಗೆ ಅವಳೊಬ್ಬಳೇ. ಸರ್ವರ್ ತನ್ನ ದಿನಚರಿ ಬರೆದಿಡುವ ಲಾಗ್ ತೆರೆದಳು, ಎಂಟೂ ಹತ್ತಕ್ಕೆ ಕರೆಂಟು ಹೋಗಿ ಸರ್ವರ್ ಹೊಸದಾಗಿ ಶುರುವಾಗಿದೆ, ಒಂಬತ್ತೂವರೆಗೆ ರಿಪೋರ್ಟ್ ತಯಾರಿಸುವ ಪ್ರೋಗ್ರಾಂ ಮೆಮೊರಿಯನ್ನೆಲ್ಲ ನುಂಗಿದೆ, ಜಾಗ ಸಾಲದೆ, ಎಲ್ಲ ಪ್ರೋಗ್ರಾಮುಗಳನ್ನೂ ಆಳುವ ಕರ್ನಲ್ ಯಾವುದಾದರೊಂದು ಪ್ರೋಗ್ರಾಮನ್ನು ಕೊಲ್ಲಬೇಕಾಯಿತು, ಕೊಂದದ್ದು ಅಲಾರಂ ಹೊಡೆಸುವ ಪ್ರೋಗ್ರಾಮನ್ನು. ಹೋದ ತಿಂಗಳೂ ಹೀಗೆಯೇ ಆಗಿತ್ತು, ಇದೇ ಸ್ಟೂಲಿನ ಮೇಲೆ ಕೂತು ಅವಳೇ ಸರಿಮಾಡಿದ್ದಳು, ಇಲ್ಲದ ಮೆಮೊರಿಯನ್ನು ಕೊಡುತ್ತೇನೆಂದು ಯಾರಿಗೂ ಮಾತು ಕೊಡಬೇಡ ಎನ್ನುವ ಸೆಟ್ಟಿಂಗು, ಸೊನ್ನೆ ಇದ್ದಲ್ಲಿ ಎರಡು, ಅಷ್ಟೇ. ಆದರೆ ಬರೆದದ್ದೆಲ್ಲಿ? ಓಡುತ್ತಿರುವ ಕರ್ನಲ್‌ನೊಳಕ್ಕೇ ನೇರ, ನೋಡಲು ಅದೂ ಫೈಲಿನಂತೆಯೇ ಇರುತ್ತದೆ, ಡಿಸ್ಕಿನಲ್ಲಿ ಮಾತ್ರ ಇರುವುದಿಲ್ಲ, ಯಂತ್ರ ಆರಿತೋ ಅದೂ ಹೋಯಿತು. ಗೊತ್ತಿರಲಿಲ್ಲವೇ? ಗೊತ್ತಿತ್ತು, ಐದೂಕಾಲರ ಬಸ್ಸು ತಪ್ಪುತ್ತದೆಂದು ಎದ್ದಿದ್ದಳು, ನಾಳೆ ಬರೆದರಾಯಿತು ಎಂದು, ನಾಳೆ ನ್ಯಾಮತಿ, ನಾಡಿದ್ದು ಹೊನ್ನಾಳಿ, ಆಮೇಲೆ ಮರೆವು.

ಫೋನು ನಡುಗಿತು, ಹೊನ್ನಾಳಿ ಆಫೀಸಿನಿಂದ ಮ್ಯಾನೇಜರ್ ಗುರುಬಸವರಾಜ್, ಕರೆಂಟ್ ಹೋಗಿ ಹಿಂಗಾತು ಅಂತ ಹೇಳಿ ಬಾರಮ್ಮ, ಸುಳ್ಳೇನಲ್ವಲ್ಲ, ಕರೆಂಟ್ ಹೋಗಿದ್ದು ಖರೆ ಐತೆ. ಹೌದು, ಖರೆ, ಅದೇ ಅದರ ರುಚಿ. ಅವಳು ಫೋನು ಇಟ್ಟು ಕೀಬೋರ್ಡು ಎಳೆದುಕೊಂಡಳು, ಮೊದಲು ಇದು — ಎಲ್ಲಿ ಬರೆಯಲಿ, ಎಲ್ಲ ಸೆಟ್ಟಿಂಗೂ ಇರುವ ದೊಡ್ಡ ಫೈಲಿನಲ್ಲೋ, ಬೇಡ, ಹೊನ್ನಾಳಿಯಲ್ಲಿ ಒಮ್ಮೆ ಅಪ್‌ಡೇಟ್ ಬಂದು ಅದನ್ನು ಅಳಿಸಿ ಕೂತಿತ್ತು, ಪಕ್ಕದ ಫೋಲ್ಡರಿನಲ್ಲಿ ಬೇರೆಯೇ ಫೈಲು, ಹೆಸರಿನ ಮುಂದೆ ತೊಂಬತ್ತೊಂಬತ್ತು, ಯಂತ್ರ ಇದನ್ನು ಎಲ್ಲದರ ನಂತರ ಓದಲಿ, ಇದರ ಮಾತೇ ಕೊನೆಯದಾಗಲಿ. ಒಂದೇ ಸಾಲು. ಮೇಲೆ ಯಾಕೆಂಬುದು, ತಾರೀಕು, ತನ್ನ ಹೆಸರು. ಆದರೆ ಉಳಿಯುತ್ತದೆಯೋ ಇಲ್ಲವೋ ತಿಳಿಯುವುದು ಆರಿಸಿ ಹಚ್ಚಿದಾಗಲೇ, ಹಚ್ಚುವವರೆಗೆ ಅಲಾರಂ ಇಲ್ಲ, ಒಳಗೆ ಎರಡು ಕೂಸು.

ಸಿಸ್ಟರ್, ಸರ್ವರ್ ಒಂದ್ಸಲ ಆರಿಸ್ಬೇಕ್ರೀ, ಐದು ನಿಮಿಷ. ಮತ್ತೆ ಆರಿಸ್ತೀರಾ, ಎಂದದ್ದು ಕೊಟ್ರಮ್ಮ ಅಲ್ಲ, ನೀಲಿಯಾಗಿದ್ದ ಕೂಸಿನ ತಾಯಿ ರುದ್ರಾಣಿ, ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡೇ ಗೋಡೆ ಹಿಡಿದು ಎದ್ದಳು, ಬೆಳಗ್ಗೆ ಯಾಕೆ ಹೊಡೀಲಿಲ್ಲ ಅದು, ಅದನ್ನ ಹೇಳ್ರಿ ಮೊದ್ಲು. ಕರೆಂಟ್ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಎಷ್ಟು ಹಗುರ ಅದು — ನನ್ನ ತಪ್ಪು ಕಣಮ್ಮ, ಹೋದ ತಿಂಗ್ಳು ಸರಿ ಮಾಡಿದ್ದನ್ನ ಉಳಿಯೋ ಜಾಗದಾಗೆ ಬರೀಲಿಲ್ಲ ನಾನು. ರುದ್ರಾಣಿ ಬೈಯಲಿಲ್ಲ, ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈಗ ಬರ್ದಿದೀರಾ ಎಂದಳು, ಬರ್ದಿದೀನಿ, ಹಂಗಾದ್ರೆ ಆರಿಸ್ರಿ, ನಾನು ರೆಪ್ಪೆ ಬಡಿಯಲ್ಲ. ಅವಳು, ಕೊಟ್ರಮ್ಮ ಇಬ್ಬರೂ ಒಂದೊಂದು ಕೂಸಿನ ಮೇಲೆ ಬಾಗಿದರು, ಕೂಸಿನ ಪಾದಕ್ಕೆ ಸುತ್ತಿದ, ಆಕ್ಸಿಜನ್ ಅಳೆಯುವ ಪಟ್ಟಿಯ ಕೆಂಪು ದೀಪ ಚರ್ಮದೊಳಗಿಂದ ಹಾಯ್ದು ಬರುತ್ತಿತ್ತು, ಪಾದವೇ ಹೊತ್ತಿಕೊಂಡಂತೆ, ಹೆಬ್ಬೆರಳಿನಷ್ಟುದ್ದದ ಪಾದ.

ಪರದೆ ಕಪ್ಪಾಯಿತು, ಬಿಳಿ ಸಾಲುಗಳು ಓಡಿದವು, ನಿಂತವು, ಯಾಕೆ ನಿಂತವು, ಓಡಿದವು, ಎರಡು ಸಲ ತಪ್ಪು ಟೈಪಾಗಿ ಮೂರನೆಯ ಸಲ ಆ ಸೆಟ್ಟಿಂಗನ್ನು ಕೇಳಿದಳು, ಈಗ ಎಷ್ಟಿದ್ದೀಯ? ಎರಡು. ಕೊಟ್ರಮ್ಮ ಬಿಡಿ ಪಟ್ಟಿಯೊಂದನ್ನು ತಮ್ಮ ಬೆರಳಿಗೆ ಸುತ್ತಿ ಕಿತ್ತರು, ಅಲಾರಂ ಇಡೀ ವಾರ್ಡು ಬೆಚ್ಚುವಂತೆ ಕೂಗಿತು, ರುದ್ರಾಣಿ ಕುಸಿದು ಕೂತು ಆಗ ಅತ್ತಳು. ಮೇಘಶ್ರೀ ಅಳಲಿಲ್ಲ, ನಗಲೂ ಇಲ್ಲ — ನಾಳೆ ನ್ಯಾಮತಿ ಎಂದಿದ್ದಳಲ್ಲ, ಆ ನಾಳೆ ಅಲ್ಲಿಯೂ ಇದೇ ಸೊನ್ನೆಯನ್ನು ಎರಡು ಮಾಡಿದ್ದಳಲ್ಲ, ಅಲ್ಲಿಯೂ ಹೀಗೆಯೇ, ಡಿಸ್ಕಿನಲ್ಲಿ ಬರೆಯದೆ, ಬಾಯಿಮಾತಿನಲ್ಲಿ. ಫೋನಿನಲ್ಲಿ ನ್ಯಾಮತಿಯ ಸಿಸ್ಟರ್ ಹೇಮಾವತಿ, ಕರೆಂಟ್ ಐತ್ರೀ ಈಗ, ಮೋಡ ಕವ್ಕೊಂಡೈತೆ, ಒಂದೇ ಕೂಸು, ನೀವು ಬರಾತನಕ ನಾನು ಜಾಗ ಬಿಟ್ಟು ಏಳಲ್ಲ. ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಓಡಿದಳು, ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಅಲ್ಲಿಂದ, ಎಷ್ಟು ಹೊತ್ತು, ಗುರುಬಸವರಾಜರಿಗೆ ಏನು ಹೇಳಲಿ, ನಿಜವನ್ನೇ, ಕೆಲಸ ಹೋದರೆ, ಹೋಗಲಿ, ಬಸ್ಸಿನ ಕಿಟಕಿಯಾಚೆ ಮೆಕ್ಕೆಜೋಳ, ಕುರಿ, ಮೋಡ — ನ್ಯಾಮತಿಯಲ್ಲಿ ತಾನಿನ್ನೂ ನೋಡಿರದ ಒಂದು ಪಾದ, ಒಳಗಿಂದ ಕೆಂಪಗೆ, ಕೆಂಪಗೆ, ಆ ಪಾದ.